ವಿಶ್ವಾಸಿಗೆ ಗ್ರಾಮಸಭೆಯಲ್ಲಿ ಏನು ಕೆಲಸ?



"ಸಿಸ್ಟರ್, ನಾವು ಬಡವರು. ಪೂಜೆಗೆ ಹೋಗ್ತೀವಿ, ಜಪಸರ ಮಾಡ್ತೀವಿ, ಕೂಲಿ ಮಾಡಿ ಉಣ್ತೀವಿ. ನಮಗ್ಯಾಕೆ ಈ ರಾಜಕೀಯ?"

ಸ್ವಸಹಾಯ ಸಂಘಗಳ ಸಭೆಗೆ ಹೋದಲ್ಲೆಲ್ಲ ನಮ್ಮ ಕಿವಿಗೆ ಬೀಳುವ ಮಾತಿದು. ರಾಜಕೀಯ ಎಂದರೆ ಜಗಳ, ಹಣ, ಹೆಂಡ, ಜಾತಿ ಎಂದೇ ಕಂಡು ಬಂದವರು ಹೀಗೆ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ನಲ್ಲಿಗೆ ನೀರು ಬರುವುದು, ಬೀದಿಗೆ ದೀಪ ಹಾಕುವುದು, ಮನೆ ಯಾರಿಗೆ ಮಂಜೂರು ಎನ್ನುವುದು, ಇದೆಲ್ಲ ಎಲ್ಲೋ ಒಂದು ಕಡೆ ಕೂತು ತೀರ್ಮಾನ ಆಗುತ್ತದೆ. ಅಲ್ಲಿ ನಾವು ಇಲ್ಲದಿದ್ದರೆ ನಮ್ಮ ಹೆಸರಿನಲ್ಲಿ ಬೇರೆಯವರು ತೀರ್ಮಾನ ಮಾಡುತ್ತಾರೆ.

ಒಂದು ಊರಿನ ಅನುಭವ

ನಾವು ಕೆಲಸ ಮಾಡುವ ಒಂದು ಊರಿನಲ್ಲಿ ಒಂದು ಬೇಸಿಗೆಗೆ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತು. ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಧರ್ಮಕೇಂದ್ರದಲ್ಲಿ ಮಳೆಗಾಗಿ ವಿಶೇಷ ಪ್ರಾರ್ಥನೆ ನಡೆಯಿತು. ಹೆಂಗಸರೆಲ್ಲ ಬಂದರು, ನಾವೂ ಇದ್ದೆವು. ಅದೇ ವಾರ ಪಂಚಾಯಿತಿಯಲ್ಲಿ ಗ್ರಾಮಸಭೆ ಇತ್ತು. ಅಲ್ಲಿಗೆ ನಮ್ಮವರು ಒಬ್ಬರೂ ಹೋಗಲಿಲ್ಲ. ಕಾಮಗಾರಿಗಳ ಪಟ್ಟಿ ಓದಿ ಮುಗಿಸಿದರು. ಅದರಲ್ಲಿ ಮೋಟಾರಿನ ಮಾತೇ ಇರಲಿಲ್ಲ.

ಮುಂದಿನ ಸಂಘದ ಸಭೆಯಲ್ಲಿ ಒಬ್ಬ ವಿಧವೆ ತಾಯಿ ಕೇಳಿದರು: "ಮಳೆ ದೇವರು ಕೊಡ್ತಾನೆ ಸಿಸ್ಟರ್. ಸುಟ್ಟ ಮೋಟಾರು ಯಾರು ಕೊಡಬೇಕು?"

ನಾವು ಉತ್ತರ ಹೇಳಲು ತಡವರಿಸಿದೆವು. ತಪ್ಪು ನಮ್ಮದೂ ಇತ್ತು. ಅಷ್ಟು ವರ್ಷ ಅವರ ಅರ್ಜಿಗಳನ್ನೆಲ್ಲ ನಾವೇ ಬರೆದು, ನಾವೇ ಕಚೇರಿಗೆ ಕೊಂಡೊಯ್ದು ಕೊಟ್ಟಿದ್ದೆವು. ಸೇವೆ ಎಂದುಕೊಂಡೇ ಮಾಡಿದ್ದೆವು. ಆದರೆ ಅವರ ಬಾಯಿಂದ ಬರಬೇಕಾದ ಮಾತನ್ನು ನಾವೇ ಆಡಿಬಿಟ್ಟಿದ್ದೆವು.

ಮುಂದಿನ ಗ್ರಾಮಸಭೆಗೆ ಮೂವತ್ತು ಹೆಂಗಸರು ಹೋದರು. ಅವರಲ್ಲಿ ಕ್ರೈಸ್ತರು ಕೆಲವರೇ. ಉಳಿದವರು ಹಿಂದೂ, ಮುಸ್ಲಿಂ ತಾಯಂದಿರು. ಖಾಲಿ ಕೊಡಕ್ಕೆ ಜಾತಿ ಎಲ್ಲಿದೆ? ಆ ವಿಧವೆ ತಾಯಿಯೇ ಎದ್ದು ನಿಂತು, "ನಮ್ಮ ಮಾತು ನಡವಳಿ ಪುಸ್ತಕದಲ್ಲಿ ಬರೀರಿ, ಬರೆದದ್ದು ಓದಿ ಹೇಳ್ರಿ" ಎಂದರು. ಮೋಟಾರು ಕೂಡಲೇ ಬರಲಿಲ್ಲ. ಮೂರು ಸಲ ಪಂಚಾಯಿತಿಗೆ ಅಲೆದ ಮೇಲೆ ಬಂತು. ಕಾಲೋನಿಯ ಕೊನೆಯ ಮನೆಗಳಿಗೆ ಪೈಪು ಇನ್ನೂ ಹೋಗಿಲ್ಲ. ಆದರೆ ಕೇಳುವುದನ್ನು ಅವರು ಬಿಟ್ಟಿಲ್ಲ.

ಧರ್ಮಸಭೆ ಏನು ಹೇಳುತ್ತದೆ?

ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಅನ್ಯಾಯಗಾರನಾದ ನ್ಯಾಯಾಧೀಶನ ಬಾಗಿಲಿಗೆ ಬಿಡದೆ ಹೋಗಿ ನ್ಯಾಯ ಕೇಳುವ ವಿಧವೆಯ ಕಥೆ ಇದೆ. ಯೇಸುಸ್ವಾಮಿ ಈ ಕಥೆ ಹೇಳಿದ್ದು ಪ್ರಾರ್ಥನೆಯನ್ನು ಕಲಿಸಲು. ಪ್ರಾರ್ಥಿಸುವುದಕ್ಕೂ ನ್ಯಾಯ ಕೇಳುವುದಕ್ಕೂ ಅವರು ಗೋಡೆ ಕಟ್ಟಲಿಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಲೋಕದ ವ್ಯವಹಾರಗಳನ್ನು ಶುಭಸಂದೇಶದ ಬೆಳಕಿನಲ್ಲಿ ಸರಿಪಡಿಸುವುದು ಶ್ರೀಸಾಮಾನ್ಯರ ವಿಶೇಷ ಕರೆ ಎಂದು ಬೋಧಿಸಿತು. 2020ರಲ್ಲಿ ಜಗದ್ಗುರು ಫ್ರಾನ್ಸಿಸರು 'ಫ್ರಾತೆಲ್ಲಿ ತುತ್ತಿ' ಎಂಬ ವಿಶ್ವಪತ್ರದಲ್ಲಿ ಒಳ್ಳೆಯ ರಾಜಕೀಯಕ್ಕಾಗಿಯೇ ಒಂದು ಅಧ್ಯಾಯ ಮೀಸಲಿಟ್ಟರು. ಗುರುಗಳಿಗೂ ಧಾರ್ಮಿಕರಿಗೂ ಪಕ್ಷ ರಾಜಕಾರಣದಲ್ಲಿ ಸಕ್ರಿಯವಾಗಿ ತೊಡಗಬಾರದೆಂಬ ಧರ್ಮಸಭೆಯ ಕಾನೂನು ಇದೆ. ಆದ್ದರಿಂದ ಇಂಥವರಿಗೇ ವೋಟು ಹಾಕಿ ಎಂದು ನಾವು ಹೇಳುವುದಿಲ್ಲ. ಬಡವರ ಪರ ನಿಲ್ಲುವುದಕ್ಕೆ ಮಾತ್ರ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಹೀಗೆ ನಿಂತವರಲ್ಲಿ ಪುನೀತೆ ಸಿಸ್ಟರ್ ರಾಣಿ ಮರಿಯಾ ಒಬ್ಬರು. ಮಧ್ಯಪ್ರದೇಶದಲ್ಲಿ ಸಾಲಗಾರರ ಹಿಡಿತದಲ್ಲಿದ್ದ ಬಡ ರೈತರನ್ನು ಸಂಘಟಿಸಿ, ಸರ್ಕಾರಿ ಸೌಲಭ್ಯಗಳ ಅರಿವು ಕೊಟ್ಟರು. ಅದೇ ಕಾರಣಕ್ಕೆ 1995ರ ಫೆಬ್ರವರಿ 25ರಂದು ಬಸ್ ಪ್ರಯಾಣದಲ್ಲಿದ್ದಾಗ ಅವರ ಕೊಲೆಯಾಯಿತು. ಕೊಂದವನಿಗೆ ಅವರ ಸ್ವಂತ ತಂಗಿ, ಅವರೂ ಧಾರ್ಮಿಕ ಭಗಿನಿಯೇ, ಜೈಲಿಗೆ ಹೋಗಿ ರಾಖಿ ಕಟ್ಟಿ ಕ್ಷಮಿಸಿದರು. 2017ರಲ್ಲಿ ಧರ್ಮಸಭೆ ಅವರನ್ನು ಪುನೀತರ ಸಾಲಿಗೆ ಸೇರಿಸಿತು. ನ್ಯಾಯ ಕೇಳುವುದು, ದ್ವೇಷ ಬಿಡುವುದು ಎರಡೂ ಒಂದೇ ವಿಶ್ವಾಸದ ಕೆಲಸ.

ಗ್ರಾಮಸಭೆ ಯಾರದು?

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯಿದೆಯಂತೆ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ಇರುತ್ತದೆ. ಫಲಾನುಭವಿಗಳ ಆಯ್ಕೆ, ಕಾಮಗಾರಿಗಳ ಆದ್ಯತೆ, ಖರ್ಚುವೆಚ್ಚದ ಚರ್ಚೆ ಇಲ್ಲಿಯೇ ನಡೆಯಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಹೆಂಡತಿ ಗೆದ್ದು ಗಂಡ ಕುರ್ಚಿಯಲ್ಲಿ ಕೂತರೆ ಆ ಮೀಸಲಾತಿಗೆ ಅರ್ಥವಿಲ್ಲ.

ವೋಟು ಮತ್ತು ನೋಟು

"ದುಡ್ಡು ತಗೊಂಡರೂ ಮನಸ್ಸಿಗೆ ಬಂದವರಿಗೇ ಹಾಕ್ತೀವಿ" ಎನ್ನುವವರಿದ್ದಾರೆ. ಒಲೆ ಉರಿಯದ ಮನೆಯವರನ್ನು ನಾವು ತೀರ್ಪು ಮಾಡುವುದಿಲ್ಲ. ಆದರೆ ವೋಟಿಗಾಗಿ ಹಣ ಕೊಡುವುದಷ್ಟೇ ಅಲ್ಲ, ತೆಗೆದುಕೊಳ್ಳುವುದೂ ಕಾನೂನಿನಲ್ಲಿ ಅಪರಾಧ. ಹಣ ಹಂಚಿ ಗೆದ್ದವರು ಅದನ್ನು ಎಲ್ಲಿಂದ ವಾಪಸ್ ಪಡೆಯುತ್ತಾರೆ? ನಮ್ಮ ಮೋಟಾರಿನಿಂದ, ನಮ್ಮ ಪೈಪಿನಿಂದ, ನಮ್ಮ ಮಕ್ಕಳ ಅಂಗನವಾಡಿಯಿಂದ. ಒಂದು ಸೀರೆಗೆ ಐದು ವರ್ಷದ ನೀರು ಮಾರಿದಂತೆ. ಅಷ್ಟೇ ಅಲ್ಲ, ನೋಟು ತೆಗೆದುಕೊಂಡವರಿಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಧೈರ್ಯ ಉಳಿಯುವುದಿಲ್ಲ.

ನಾವು ಇಷ್ಟಾದರೂ ಮಾಡೋಣ

1. ಮನೆಯ ಎಲ್ಲ ವಯಸ್ಕರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ನೋಡೋಣ.
2. ಗ್ರಾಮಸಭೆಯ ದಿನಾಂಕವನ್ನು ಪಿಡಿಓ ಅವರಿಂದ ತಿಳಿದುಕೊಂಡು ಸಂಘದಲ್ಲೂ ಬಲಿಪೂಜೆಯ ಕೊನೆಗೂ ಪ್ರಕಟಿಸೋಣ.
3. ಒಬ್ಬೊಬ್ಬರೇ ಹೋಗದೆ, ನೆರೆಯ ಎಲ್ಲ ಧರ್ಮದವರೊಂದಿಗೆ ಗುಂಪಾಗಿ ಹೋಗೋಣ.
4. ಬೇಡಿಕೆಯನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯೋಣ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಅರ್ಜಿಗೆ 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದೊಳಗೆ ಮಾಹಿತಿ ಕೊಡಬೇಕು.
5. ನಮ್ಮ ಮನೆಗೆ ಸಿಕ್ಕಿತೆಂದು ಸುಮ್ಮನಾಗದೆ, ಕೊನೆಯ ಮನೆಗೆ ಸಿಕ್ಕಿತೇ ಎಂದು ಕೇಳೋಣ.

ಬಲಿಪೂಜೆ ಮುಗಿದಾಗ ಗುರುಗಳು ನಮ್ಮನ್ನು ಸಮಾಧಾನದಿಂದ ಕಳುಹಿಸುತ್ತಾರೆ. ಎಲ್ಲಿಗೆ? ಮನೆಗೆ ಮಾತ್ರವಲ್ಲ, ನಲ್ಲಿಯ ಬಳಿಗೆ, ಪಂಚಾಯಿತಿ ಕಟ್ಟೆಗೆ, ಕಾಲೋನಿಯ ಕೊನೆಯ ಮನೆಯ ಬಾಗಿಲಿಗೂ ಕಳುಹಿಸುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಭೇಟಿಯಾಗೋಣ. ದೇವರು ನಮ್ಮೆಲ್ಲರನ್ನು ಆಶೀರ್ವದಿಸಲಿ.