ಕಥೆ ನಮ್ಮದು, ಪಾತ್ರ ಪರರದು: ಕಾಮಿಕ್ಸ್‌ನಲ್ಲಿ ಅಣಕ ಮತ್ತು ಅತಿಥಿ

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಜನಪ್ರಿಯ ಸಿನಿಮಾ ಹಾಡೊಂದರ ಧಾಟಿಗೆ ಹಾಸ್ಟೆಲ್ ಊಟದ ಪಾಡನ್ನು ಹೊಂದಿಸಿ ಹಾಡಿದರೆ ಸಭೆಯೆಲ್ಲ ನಗುತ್ತದೆ. ಇದನ್ನೇ ನಾವು ಅಣಕವಾಡು ಎನ್ನುವುದು. ನಗು ಬರಬೇಕಾದರೆ ಕೇಳುಗರಿಗೆ ಮೂಲ ಹಾಡು ಗೊತ್ತಿರಬೇಕು. ಗೊತ್ತಿಲ್ಲದವನು ಪಕ್ಕದವನ ಮುಖ ನೋಡುತ್ತಾನೆ. ಮೂರು ನಿಮಿಷದ ಹಾಡಿಗೆ ಮೂಲದ ನೆನಪೇ ಸಾಕು. ಆದರೆ ನೂರು ಪುಟಗಳ ಚಿತ್ರಕಥೆ ಆ ನೆನಪೊಂದರ ಮೇಲೆಯೇ ನಿಲ್ಲಬಲ್ಲದೇ? ಸ್ವಂತ ಕಾಮಿಕ್ಸ್ ಬರೆಯಲು ಹೊರಡುವ ವಿದ್ಯಾರ್ಥಿ ಮಿತ್ರರು ಬಹುಬೇಗ ಎದುರಿಸುವ ಪ್ರಶ್ನೆ ಇದು.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳೋಣ. ಬೇರೆಯವರ ಪಾತ್ರವನ್ನು ನೆನಪಿಸುವಂತೆ, ಆದರೆ ಹೆಸರು, ರೂಪ, ಸ್ವಭಾವಗಳನ್ನು ತಿರುಚಿ ನಾವೇ ಕಟ್ಟುವ ಪಾತ್ರ ಅಣಕ ಪಾತ್ರ. ಬೇರೆಯವರ ಪಾತ್ರವೇ ತನ್ನ ಹೆಸರು, ವೇಷಗಳ ಸಮೇತ, ಅದರ ಒಡೆಯರ ಒಪ್ಪಿಗೆ ಪಡೆದು ನಮ್ಮ ಕಥೆಗೆ ಬಂದು ಹೋದರೆ ಅದು ಅತಿಥಿ ಪಾತ್ರ. ನಟನನ್ನೇ ಒಂದು ದೃಶ್ಯಕ್ಕೆ ಕರೆಸುವುದಕ್ಕೂ ಅವನ ದನಿಯನ್ನು ಅನುಕರಿಸಿ ನಗಿಸುವುದಕ್ಕೂ ಇರುವಷ್ಟೇ ಅಂತರ ಇವೆರಡರ ನಡುವೆ ಇದೆ.

1984ರ ಮೇ ತಿಂಗಳಲ್ಲಿ ಅಮೆರಿಕದ ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು ಚಿತ್ರಕಾರರು, ತೆರಿಗೆಯಲ್ಲಿ ಮರಳಿ ಬಂದ ಹಣಕ್ಕೆ ಬಂಧುವೊಬ್ಬರಿಂದ ತಂದ ಸಾಲವನ್ನು ಸೇರಿಸಿ, ಕಪ್ಪು-ಬಿಳುಪಿನ ಪುಸ್ತಕವೊಂದನ್ನು ಸುಮಾರು 3000 ಪ್ರತಿ ಅಚ್ಚು ಹಾಕಿಸಿದರು. ಅದೇ ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’. ಇಂದು ಜಗತ್ತೆಲ್ಲ ಬಲ್ಲ ಈ ನಾಲ್ಕು ಆಮೆಗಳು ಹುಟ್ಟಿದ್ದು ಅಣಕವಾಗಿ. ಮಾರ್ವೆಲ್ ಸಂಸ್ಥೆಯ ‘ಡೇರ್‌ಡೆವಿಲ್’ ಕಥೆಯಲ್ಲಿ ಒಬ್ಬ ಹುಡುಗ ಲಾರಿಗೆ ಸಿಕ್ಕಲಿದ್ದ ಮುದುಕನನ್ನು ಕಾಪಾಡಲು ಹೋಗಿ, ಕಣ್ಣಿಗೆ ವಿಕಿರಣ ವಸ್ತು ತಗುಲಿ ಕುರುಡನಾಗುತ್ತಾನೆ. ಆಮೆಗಳ ಕಥೆಯಲ್ಲೂ ಅಂಥದೇ ಅಪಘಾತ ನಡೆಯುತ್ತದೆ. ಆದರೆ ಇಲ್ಲಿ ಡಬ್ಬಿ ಉರುಳಿಕೊಂಡು ಚರಂಡಿಗೆ ಬೀಳುತ್ತದೆ, ಅಲ್ಲಿನ ಆಮೆಮರಿಗಳು ಮಾರ್ಪಡುತ್ತವೆ. ಡೇರ್‌ಡೆವಿಲ್‌ನ ಗುರುವಿನ ಹೆಸರು ಸ್ಟಿಕ್, ಎಂದರೆ ಕೋಲು. ಆಮೆಗಳ ಗುರು ಸ್ಪ್ಲಿಂಟರ್, ಎಂದರೆ ಸಿಬಿರು. ಅಲ್ಲಿನ ನಿಂಜಾ ಪಡೆ ‘ಹ್ಯಾಂಡ್’, ಇಲ್ಲಿನದು ‘ಫುಟ್’. ಕೈಗೆ ಬದಲು ಕಾಲು!

ಬಲ್ಲವರಿಗೆ ಇದು ನಗೆ. ಬಲ್ಲದವರಿಗೆ? ಅವರಿಗೂ ಯಾವ ನಷ್ಟವೂ ಇಲ್ಲ. ಚರಂಡಿಯಲ್ಲಿ ಬೆಳೆದ ನಾಲ್ವರು ಸಹೋದರರು, ಅವರನ್ನು ಸಾಕಿದ ಇಲಿ, ಗುರುವಿನ ಹಳೆಯ ಹಗೆ, ಇಷ್ಟು ಸಾಮಗ್ರಿ ಕಥೆಯ ಸ್ವಂತದ್ದು. 1987ರಿಂದ ಈ ಆಮೆಗಳನ್ನು ದೂರದರ್ಶನದ ಕಾರ್ಟೂನಿನಲ್ಲಿ ನೋಡಿದ ಮಕ್ಕಳಲ್ಲಿ ಎಷ್ಟೋ ಜನರಿಗೆ ಡೇರ್‌ಡೆವಿಲ್ ಎಂದರೆ ಯಾರೆಂದೇ ತಿಳಿದಿರಲಿಲ್ಲ.

ಇದೇ 1984ರಲ್ಲಿ ಇನ್ನೊಂದು ಪಾತ್ರವೂ ಹುಟ್ಟಿತು. ನನ್ನ ದೃಷ್ಟಿಯಲ್ಲಿ ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಜಪಾನಿನ ಕ್ಯೋಟೋದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಸ್ಟಾನ್ ಸಕಾಯ್ ಅವರಿಗೆ ಹದಿನೇಳನೆಯ ಶತಮಾನದ ಜಪಾನಿನ ಕತ್ತಿವರಸೆಯ ವೀರ ಮಿಯಾಮೊಟೊ ಮುಸಾಶಿಯನ್ನು ಆಧರಿಸಿ ಕಥೆ ಬರೆಯುವ ಆಸೆಯಿತ್ತು. ಒಂದು ದಿನ ಚಿತ್ರ ಗೀಚುತ್ತಾ ಮೊಲದ ಎರಡು ಕಿವಿಗಳನ್ನು ಸಮುರಾಯ್ ಜುಟ್ಟಿನಂತೆ ಮೇಲೆತ್ತಿ ಕಟ್ಟಿದರು. ಆ ಆಕಾರ ಹಿಡಿಸಿತು; ಮನುಷ್ಯನ ಜಾಗದಲ್ಲಿ ಮೊಲ ಬಂದು ನಿಂತಿತು. ‘ಉಸಾಗಿ ಯೋಜಿಂಬೊ’ ಎಂದರೆ ಮೊಲ ಅಂಗರಕ್ಷಕ. ಒಡೆಯನನ್ನು ಕಳೆದುಕೊಂಡು ಊರೂರು ಅಲೆಯುವ ಈ ಯೋಧನ ಹೆಸರಿನಲ್ಲೇ ಮುಸಾಶಿಯ ನೆನಪೂ ಇದೆ, ಅಕಿರಾ ಕುರೊಸಾವಾ 1961ರಲ್ಲಿ ತೆಗೆದ ‘ಯೋಜಿಂಬೊ’ ಚಲನಚಿತ್ರದ ನೆನಪೂ ಇದೆ.

ಉಸಾಗಿ ದಾರಿಯಲ್ಲಿ ಭೇಟಿಯಾಗುವವರಲ್ಲಿ ಹಲವರು ಅಣಕ ಪಾತ್ರಗಳು. ಕೋಯಿಕೆ ಮತ್ತು ಕೊಜಿಮಾ ಜೋಡಿಯ ‘ಲೋನ್ ವುಲ್ಫ್ ಅಂಡ್ ಕಬ್’ ಎಂಬ ಪ್ರಸಿದ್ಧ ಜಪಾನಿ ಚಿತ್ರಕಥೆಯಲ್ಲಿ ಒಬ್ಬ ಯೋಧ ತನ್ನ ಪುಟ್ಟ ಮಗನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಅಲೆಯುತ್ತಾನೆ. ಒಂಟಿ ತೋಳ ಮತ್ತು ಮರಿ ಎಂಬುದು ಹೆಸರಿನ ಅರ್ಥ. ಸಕಾಯ್ ಅವರಲ್ಲಿ ಆ ತೋಳ ಆಡಾಗುತ್ತದೆ, ಜೊತೆಗೊಂದು ಆಡಿನ ಮರಿ. ಇನ್ನೊಬ್ಬ ಜಟೊ-ಇನೊ. 1962ರಿಂದ ಸಾಲುಸಾಲಾಗಿ ಬಂದ ‘ಜಟೊಯಿಚಿ’ ಚಲನಚಿತ್ರಗಳ ಕುರುಡು ಕತ್ತಿವೀರ, ಸದ್ದನ್ನು ಆಲಿಸಿಯೇ ಶತ್ರುವನ್ನು ಕಡಿಯುತ್ತಾನೆ. ಸಕಾಯ್ ಅವನನ್ನು ಹಂದಿಯಾಗಿಸಿದರು. ಹಂದಿಯಾದ ಮೇಲೆ ಕಿವಿಯ ಕೆಲಸವನ್ನು ಮೂಗು ಮಾಡಬೇಕಲ್ಲವೇ? ಇನೊ ವಾಸನೆ ಹಿಡಿದು ಹೋರಾಡುತ್ತಾನೆ.

ಇಲ್ಲಿಯವರೆಗೆ ಇದು ಜಾಣ ಹಾಸ್ಯ ಮಾತ್ರ. ಸಾಧಾರಣ ಚಿತ್ರಕಾರನಾಗಿದ್ದರೆ ಎರಡು ಪುಟ ನಗಿಸಿ ಇನೊನನ್ನು ಕಳಿಸಿಬಿಡುತ್ತಿದ್ದ. ಸಕಾಯ್ ಒಂದು ಹೆಜ್ಜೆ ಮುಂದಿಟ್ಟು, ಹೋದಲ್ಲೆಲ್ಲ ಜನ ಅಟ್ಟಿಬಿಡುವ ಈ ಕುರುಡನಿಗೆ ಏನು ಬೇಕು ಎಂದು ಕೇಳಿಕೊಂಡರು. ಅವನಿಗೆ ಬೇಕಾದದ್ದು ನೆಮ್ಮದಿಯಿಂದ ಬದುಕಲು ಒಂದು ಊರು. ಆ ಹಂಬಲ ಮೂಲದ ನಕಲಲ್ಲ, ಇನೊನದೇ. ಮುಂದಿನ ಕಥೆಗಳಿಗೆ ಅವನು ಮರಳಿ ಬಂದಾಗ ಓದುಗರು ಜಟೊಯಿಚಿಯನ್ನು ನೆನೆದು ನಗುವುದಿಲ್ಲ. ಇನೊ ಏನಾದ ಎಂದು ಕಾತರಿಸುತ್ತಾರೆ.

ಫ್ರೆಂಚ್ ಭಾಷೆಯ ‘ಆಸ್ಟರಿಕ್ಸ್’ ಪುಸ್ತಕಗಳಲ್ಲಿ ಅಣಕದ ಬೇರೊಂದು ಬಗೆ ಕಾಣುತ್ತದೆ. ಮತ್ತೆ ಮತ್ತೆ ಹಡಗು ಮುಳುಗಿಸಿಕೊಳ್ಳುವ ಆ ಕಡಲ್ಗಳ್ಳರು, ಅದೇ ‘ಪಿಲೋತ್’ ಪತ್ರಿಕೆಯಲ್ಲಿ ಬರುತ್ತಿದ್ದ ‘ಬಾರ್ಬ್ ರೂಜ್’ ಎಂಬ ಗಂಭೀರ ಸಾಹಸಕಥೆಯ ಅಣಕ. ನಮ್ಮಲ್ಲಿ ಆಸ್ಟರಿಕ್ಸ್ ಓದಿದವರಿದ್ದಾರೆ, ಬಾರ್ಬ್ ರೂಜ್ ಓದಿದವರನ್ನು ಹುಡುಕಬೇಕು. ಆದರೂ ಆ ಕಡಲ್ಗಳ್ಳರು ನಗಿಸುತ್ತಲೇ ಇದ್ದಾರೆ. 1979ರ ‘ಆಸ್ಟರಿಕ್ಸ್ ಇನ್ ಬೆಲ್ಜಿಯಂ’ನಲ್ಲಿ ಟಿನ್‌ಟಿನ್ ಕಥೆಗಳ ಅವಳಿಯಂತಿರುವ ಪತ್ತೇದಾರರು ಸೀಸರ್ ಬರುವ ಸುದ್ದಿ ಹೇಳಲು ಕಾಣಿಸಿಕೊಳ್ಳುತ್ತಾರೆ. ಹೇಳಿದರು, ಹೋದರು. ಬೆಲ್ಜಿಯಂಗೆ ಹೋದ ಮೇಲೆ ಆ ನಾಡಿನ ಹೆಸರಾಂತ ಪಾತ್ರಗಳಿಗೆ ಒಂದು ನಮಸ್ಕಾರ, ಅಷ್ಟೇ.

ಅತಿಥಿಯನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುವುದಾದರೆ ಕಥೆಯಲ್ಲಿ ದಾರಿಯನ್ನೂ ಮಾಡಿಕೊಡಬೇಕು. ಆಮೆಗಳೂ ಮೊಲವೂ 1980ರ ದಶಕದಲ್ಲೇ ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರು ಹೋಗಿಬಂದಿದ್ದಾರೆ. ಉಸಾಗಿ ಆಮೆಗಳ ಕಾರ್ಟೂನಿನಲ್ಲೂ ಕಾಣಿಸಿಕೊಂಡ. ಇಬ್ಬರದೂ ಕತ್ತಿವಿದ್ಯೆ, ಇಬ್ಬರದೂ ಪ್ರಾಣಿರೂಪ. ಆದ್ದರಿಂದ ಭೇಟಿ ಅಸಹಜ ಎನಿಸಲಿಲ್ಲ. ಎಷ್ಟು ಸಲ ಹೋಗಿಬಂದರೂ ಉಸಾಗಿಯ ಒಡೆತನ ಸಕಾಯ್ ಅವರದೇ ಆಗಿ ಉಳಿಯಿತು.

ಒಡೆತನವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 1971ರ ‘ಏರ್ ಪೈರೇಟ್ಸ್’ ಉದಾಹರಣೆ. ಡ್ಯಾನ್ ಓನೀಲ್ ಮತ್ತು ಗೆಳೆಯರು ಮಿಕಿ ಮೌಸನ್ನು ಅದೇ ಹೆಸರು, ಅದೇ ಆಕಾರದಲ್ಲಿ, ಮಕ್ಕಳು ನೋಡಬಾರದ ಸನ್ನಿವೇಶಗಳಲ್ಲಿ ಬರೆದರು. ಡಿಸ್ನಿ ಸಂಸ್ಥೆ ದಾವೆ ಹೂಡಿತು. ಇದು ಅಣಕ ಎಂಬ ವಾದ ಗೆಲ್ಲಲಿಲ್ಲ. ಮಿಕಿಯನ್ನು ಎಲ್ಲರೂ ಗುರುತಿಸುತ್ತಾರೆ, ನೆನಪಿಸಲು ಸ್ವಲ್ಪ ಸಾಕಿತ್ತು, ಇವರು ಅಗತ್ಯಕ್ಕಿಂತ ಹೆಚ್ಚು ತೆಗೆದುಕೊಂಡಿದ್ದಾರೆ ಎಂದು 1978ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಣಕ ಎಂಬ ಪ್ರತ್ಯೇಕ ವಿನಾಯಿತಿ ಇಲ್ಲ. ವಿಮರ್ಶೆಗಾಗಿ ನ್ಯಾಯೋಚಿತವಾಗಿ ಬಳಸಿಕೊಳ್ಳಲು 52ನೆಯ ಕಲಮು ಅವಕಾಶ ಕೊಡುತ್ತದೆ. ತೋಪ್ಪಿಲ್ ಭಾಸಿಯವರ ‘ನಿಂಗಳೆನ್ನೆ ಕಮ್ಯೂನಿಸ್ಟಾಕ್ಕಿ’ ಎಂಬ ಮಲಯಾಳಂ ನಾಟಕದ ಪಾತ್ರಗಳನ್ನೂ ದೃಶ್ಯಗಳನ್ನೂ ಎತ್ತಿಕೊಂಡು ಸಿವಿಕ್ ಚಂದ್ರನ್ ಪ್ರತಿನಾಟಕ ಬರೆದಾಗ ವಿವಾದ ಕೇರಳ ಹೈಕೋರ್ಟಿಗೆ ಹೋಯಿತು. ಎಷ್ಟನ್ನು ತೆಗೆದುಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಹೊಸ ಕೃತಿ ಮೂಲಕ್ಕೆ ಪೈಪೋಟಿಯಾಗುತ್ತದೆಯೇ ಎಂಬ ಮೂರು ಅಂಶಗಳನ್ನು ತೂಗಿದ ನ್ಯಾಯಾಲಯ, 1996ರಲ್ಲಿ ಪ್ರತಿನಾಟಕದ ಪರವಾಗಿ ನಿಂತಿತು.

ಹೊಸಬರಿಗೆ ತಂಟೆಯಿಲ್ಲದ ಸಾಮಗ್ರಿಯೂ ಬೇಕಾದಷ್ಟಿದೆ. ಪಂಚತಂತ್ರದ ಕರಟಕ, ದಮನಕರು ಯಾರ ಆಸ್ತಿಯೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಅವರನ್ನು ಕನ್ನಡಕ್ಕೆ ಕರೆತಂದಿದ್ದಾನೆ. ಆ ನರಿಗಳನ್ನು ಇಂದಿನ ಕಚೇರಿಯೊಂದರಲ್ಲಿ ಗುಮಾಸ್ತರನ್ನಾಗಿ ಕೂರಿಸಲು ಯಾರನ್ನೂ ಕೇಳಬೇಕಿಲ್ಲ. ಆದರೆ ಕಥೆ ಹಳೆಯದಾದರೂ ಅಂಗಡಿಯಲ್ಲಿ ಸಿಗುವ ಪುಸ್ತಕದ ಚಿತ್ರ ಹಳೆಯದಲ್ಲ. ಅದರ ಮೇಲೆ ಕಾಗದವಿಟ್ಟು ಗೆರೆ ಎಳೆದರೆ ಅಣಕವೂ ಆಗದು, ಸ್ವಂತವೂ ಆಗದು.

ಗೆಳೆಯನ ಕಾಮಿಕ್ಸ್‌ನಿಂದ ಪಾತ್ರವನ್ನು ಕರೆತರುವವರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ: ಎಷ್ಟು ಪುಟ ಇರುತ್ತದೆ, ಅದಕ್ಕೆ ಏನಾಗಬಾರದು, ಪುಸ್ತಕ ಮಾರಾಟವಾದರೆ ಹಣ ಹೇಗೆ ಹಂಚಬೇಕು. ಪಾತ್ರವನ್ನು ಸೃಷ್ಟಿಸಿದವರ ಹೆಸರು, ಅವರ ಒಪ್ಪಿಗೆಯಿಂದ ಬಳಸಲಾಗಿದೆ ಎಂಬ ಸಾಲು, ಎರಡೂ ಮೊದಲ ಪುಟದಲ್ಲೇ ಬರಬೇಕು.