ತಾಯಿಯ ಪಟ್ಟೆ ಮಗನಿಗೆ, ಮಗಳಿಗಲ್ಲ

ತುಳುನಾಡಿನಲ್ಲಿ ಹುಂಜದ ಗರಿ ನೋಡುವ ಕಣ್ಣಿಗೆ ಬರವಿಲ್ಲ. ಕೆಮ್ಮೈರೆ, ಬೊಳ್ಳೆ ಎಂದು ಬಣ್ಣಕ್ಕೊಂದು ಹೆಸರು. ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕದಲ್ಲಿ ಯಾವ ದಿನ ಯಾವ ಬಣ್ಣಕ್ಕೆ ಗೆಲುವೆಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ಆದರೆ ಇಲ್ಲಿನ ನೆಕ್ರಾಜೆ ಊರಿನ ಹಿತ್ತಲಲ್ಲಿ ಕಾವು ಮುಗಿಸಿದ ಹೇಂಟೆಯ ಹಿಂದೆ ಓಡಾಡುವ ಮರಿಗಳಲ್ಲಿ ಹುಂಜ ಯಾವುದು ಎಂದು ಕೇಳಿದರೆ ಆ ಜಾಣ್ಮೆ ಕೈಕೊಡುತ್ತದೆ. ಅಲ್ಲಿ ನಂಬಿಕೆಗಳದ್ದೇ ಕಾರುಬಾರು.

ಚೂಪು ಮೊಟ್ಟೆಯಿಂದ ಹುಂಜ, ಉರುಟು ಮೊಟ್ಟೆಯಿಂದ ಹೇಂಟೆ ಎನ್ನುತ್ತಾರೆ. ರೋಮಿನ ಕೃಷಿ ಲೇಖಕ ಕೊಲುಮೆಲ್ಲ ಸುಮಾರು 2000 ವರ್ಷಗಳ ಹಿಂದೆ ಇದನ್ನೇ ಬರೆದಿದ್ದ. ಅವನಿಗೂ ಹಿಂದಿನ ಅರಿಸ್ಟಾಟಲನ ಗ್ರಂಥದಲ್ಲಿ ಇದಕ್ಕೆ ತದ್ವಿರುದ್ಧ ಮಾತಿದೆ. ಎರಡೂ ತಪ್ಪು. ಚಿಪ್ಪಿನ ಆಕಾರ ಅಂಡನಾಳದ ಕೆಲಸ. ಹಳದಿಯು ಅಂಡಾಶಯದಿಂದ ಕಳಚುವ ಹೊತ್ತಿಗೇ ಮರಿ ಗಂಡೋ ಹೆಣ್ಣೋ ತೀರ್ಮಾನವಾಗಿರುತ್ತದೆ. ಮರಿಯನ್ನು ಕಾಲು ಹಿಡಿದು ತಲೆಕೆಳಗೆ ತೂಗಿ ನೋಡುವುದಂತೂ ಬರೀ ಹಿಂಸೆ.

ಮಗನಿಗೆ ಅಪ್ಪನ ಗರಿ, ಮಗಳಿಗೆ ಅಮ್ಮನ ಗರಿ ಎಂಬ ಮಾತು ಇನ್ನೂ ಗಟ್ಟಿಯಾಗಿ ಬೇರೂರಿದೆ. ನಿಜ ಸಂಗತಿ ಇದಕ್ಕಿಂತ ಸೊಗಸಾಗಿದೆ. ಕೋಳಿಯಲ್ಲಿ ಮರಿಯ ಲಿಂಗ ನಿರ್ಧರಿಸುವುದು ಹೇಂಟೆ. ಹುಂಜಕ್ಕೆ ಎರಡು ಝಡ್ ವರ್ಣತಂತು. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಹೇಂಟೆಯ ಝಡ್ ಹೋಗುವುದು ಗಂಡುಮರಿಗೆ ಮಾತ್ರ. ಗರಿಯ ಮೇಲಿನ ಕಪ್ಪು-ಬಿಳಿ ಅಡ್ಡಪಟ್ಟೆಯ ಗುಣ ಕೂತಿರುವುದು ಈ ಝಡ್‌ನಲ್ಲೇ. ನಮ್ಮ ಪಕ್ಕದ ತಲಶ್ಶೇರಿ ತಳಿಯಂಥ ಅಚ್ಚ ಕಪ್ಪು ಹುಂಜವನ್ನು ಪಟ್ಟೆಯ ಹೇಂಟೆಯೊಡನೆ ಬಿಟ್ಟರೆ, ಗಂಡುಮರಿಗಳ ನೆತ್ತಿಯಲ್ಲಿ ಬಿಳಿ ಬೊಟ್ಟು, ಮುಂದೆ ಮೈತುಂಬ ಪಟ್ಟೆ. ಹೆಣ್ಣುಮರಿಗಳ ನೆತ್ತಿ ಕಪ್ಪು. ಅಮ್ಮನ ಗರಿ ಮಗನಿಗೇ ಹೋಯಿತು! ಹೊಟ್ಟೆಯ ಬಿಳುಪು ಲೆಕ್ಕಕ್ಕಿಲ್ಲ, ನೋಡಬೇಕಾದ್ದು ನೆತ್ತಿ. ಜೋಡಿಯನ್ನು ತಿರುಗಿಸಿ, ಶುದ್ಧ ಪಟ್ಟೆಯ ಹುಂಜಕ್ಕೆ ಕಪ್ಪು ಹೇಂಟೆ ಕೊಟ್ಟರೆ ಎಲ್ಲ ಮರಿಗಳಿಗೂ ಪಟ್ಟೆ ಬಂದು ಗುರುತೇ ಕೆಡುತ್ತದೆ. ಕೇಂಬ್ರಿಜ್‌ನ ಪನ್ನೆಟ್ ಮತ್ತು ಪೀಸ್ 1929ರ ಸುಮಾರಿಗೆ ಇದೇ ಪಟ್ಟೆಯ ಗುಣದಿಂದ, ಹುಟ್ಟುತ್ತಲೇ ಲಿಂಗ ಹೇಳುವ ಕೇಂಬಾರ್ ತಳಿಯನ್ನು ರೂಪಿಸಿದರು.

ರೆಕ್ಕೆಗರಿಯ ಉದ್ದ ನೋಡಿ ಗುರುತಿಸುವ ವಿದ್ಯೆಯೂ ಸುಳ್ಳಲ್ಲ. ಆದರೆ ಅದು ನಡೆಯುವುದು ಹ್ಯಾಚರಿಗಳಲ್ಲಿ, ತಡವಾಗಿ ಗರಿ ಬರುವ ಹೇಂಟೆಗೆ ಬೇಗ ಗರಿ ಬರುವ ಹುಂಜವನ್ನೇ ಆರಿಸಿ ಕೂಡಿಸಿದಾಗ. ಅದೂ ಮೊದಲ ಒಂದೆರಡು ದಿನ. ಗಿರಿರಾಜ, ನಾಟಿ, ಅಂಕದ ಕೋಳಿ ಎಲ್ಲ ಬೆರೆತ ನಮ್ಮ ಹಿತ್ತಲಿನ ಹಿಂಡಿಗೆ ಅದು ಹೊಂದದು.

ಹಾಗಾದರೆ ಕಾಯಬೇಕು. ಆರು ವಾರಕ್ಕೆ ಜುಟ್ಟು ಕೆಂಪೇರಿದರೆ ಹುಂಜದ ಸುಳಿವು ಸಿಕ್ಕಂತೆ. ಹತ್ತು-ಹನ್ನೆರಡು ವಾರಕ್ಕೆ ಬಾಲದ ಬುಡದ ಬೆನ್ನಗರಿ ಚೂಪಾಗಿ ಇಳಿಬಿದ್ದರೆ ಹುಂಜ, ತುದಿ ದುಂಡಗಿದ್ದರೆ ಹೇಂಟೆ. ದುಂಡು ಗರಿ ಅಂಡಾಶಯದಲ್ಲಿ ಒಸರುವ ಈಸ್ಟ್ರೋಜೆನ್ ಎಂಬ ರಸದ ಫಲ. ಅಂಡಾಶಯ ಕೆಟ್ಟ ಹೇಂಟೆಗೆ ಹುಂಜದ ಗರಿ ಬರುವುದೂ ಕೆಲವೊಮ್ಮೆ ಅದು ಕೂಗುವುದೂ ಆ ರಸ ನಿಂತದ್ದರಿಂದ. ಹೇಂಟೆ ಕೂಗಿದರೆ ಮನೆಗೆ ಕೇಡೆನ್ನುತ್ತಾರೆ. ಕೇಡಿರುವುದು ಹೇಂಟೆಯ ಹೊಟ್ಟೆಯಲ್ಲಿ.

ಸಂತೆಯಲ್ಲಿ ಯಾರಾದರೂ ನಾಟಿ ಮರಿಗಳ ಬುಟ್ಟಿ ತೋರಿಸಿ ಎಲ್ಲವೂ ಹೇಂಟೆ ಎಂದರೆ, ಅಪ್ಪ ಅಮ್ಮ ಯಾವ ಬಣ್ಣದವು ಎಂದು ಕೇಳಿ. ಉತ್ತರ ಬಾರದಿದ್ದರೆ ಹೇಂಟೆಯ ರೇಟು ಕೊಡಬೇಡಿ.