ಚಿಟಿಚಿಟಿ ಸದ್ದಿಗೂ ಬೇಕು ಒಬ್ಬ ಕಾವಲುಗಾರ

ಇಸ್ತ್ರಿಪೆಟ್ಟಿಗೆಯ ಪ್ಲಗ್ ಹಾಕಿದ ಕೂಡಲೇ ಬೋರ್ಡಿನೊಳಗೆ ‘ಚಿಟಿಚಿಟಿ’ ಸದ್ದು ಬರುತ್ತದೆಯೇ? ನಮ್ಮ ಕ್ಯಾತನಹಳ್ಳಿ ಕಡೆ ಪ್ಲಗ್ಗನ್ನು ಒಮ್ಮೆ ಅಲುಗಾಡಿಸಿ ಸುಮ್ಮನಾಗುವವರೇ ಹೆಚ್ಚು. ‘ಎಂಸಿಬಿ ಇದೆಯಲ್ಲ, ಏನಾದ್ರೂ ಆದ್ರೆ ಅದೇ ಬೀಳುತ್ತೆ ಬಿಡಿ’ ಎಂಬ ಧೈರ್ಯ. ಆದರೆ ಈ ಸದ್ದಿಗೆ ಎಂಸಿಬಿ ಬೀಳದೆಯೂ ಇರಬಹುದು.

ತಂತಿಯ ತುದಿ ಸಡಿಲವಾದರೆ ಅಥವಾ ಒಳಗೇ ಮುರಿದರೆ, ಕರೆಂಟು ಆ ಸಣ್ಣ ಸಂದನ್ನು ಕಿಡಿಯಾಗಿ ದಾಟುತ್ತದೆ. ಇದಕ್ಕೆ ಆರ್ಕ್ ಎಂದು ಹೆಸರು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣವನ್ನು ಕರಗಿಸುವುದೂ ಇದೇ. ಬೋರ್ಡಿನೊಳಗಿನ ಕಿಡಿ ಚಿಕ್ಕದಾದರೂ ಅದರ ಬಿಸಿ ಸಾವಿರಾರು ಡಿಗ್ರಿ. ಪ್ಲಾಸ್ಟಿಕ್ ನಿಧಾನವಾಗಿ ಕರಕಲಾಗಿ, ಒಂದು ದಿನ ಹೊತ್ತಿಕೊಳ್ಳುತ್ತದೆ.

ಎಂಸಿಬಿ ಏಕೆ ಸುಮ್ಮನಿರುತ್ತದೆ? ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಎಂಸಿಬಿ ನೋಡುವುದು ಮೊತ್ತವನ್ನು ಮಾತ್ರ. 1000 ವ್ಯಾಟ್ ಇಸ್ತ್ರಿಪೆಟ್ಟಿಗೆ 230 ವೋಲ್ಟ್‌ನಲ್ಲಿ ಎಳೆಯುವುದು ನಾಲ್ಕು ಆಂಪಿಯರ್‌ಗಿಂತ ತುಸು ಹೆಚ್ಚು. ದಾರಿಯಲ್ಲಿ ಕಿಡಿ ಹಾರಿದರೂ ಆ ಮೊತ್ತ ಏರುವುದಿಲ್ಲ. 16 ಆಂಪಿಯರ್ ಮಿತಿಯ ಎಂಸಿಬಿಗೆ ಅದರಲ್ಲಿ ಅನುಮಾನವೇ ಕಾಣದು.

ಎರಡನೆಯವನು ಆರ್‌ಸಿಸಿಬಿ. ಇವನು ಜಮಾ-ಖರ್ಚು ತಾಳೆ ನೋಡುವ ಗುಮಾಸ್ತ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಬಾಗಿಲು ಮುಚ್ಚುತ್ತಾನೆ. ಶಾಕ್‌ನಿಂದ ಪ್ರಾಣ ಉಳಿಸುವವನು ಇವನೇ. ಆದರೆ ಒಂದೇ ತಂತಿಯ ಸಂದಿನಲ್ಲಿ ಕಿಡಿ ಹಾರಿದರೆ ಕರೆಂಟು ಹೊರಗೆ ಸೋರುವುದಿಲ್ಲ, ಲೆಕ್ಕ ತಾಳೆಯಾಗುತ್ತದೆ. ಇವನೂ ಸುಮ್ಮನೆ.

ಮೂರನೆಯವನು ಆರ್ಕ್ ತಡೆ ಸಾಧನ. ಇವನು ಸಹಿ ಪರೀಕ್ಷಿಸುವವನು. ಕಿಡಿ ಹಾರಿದಾಗ ಕರೆಂಟಿನ ಅಲೆಯಲ್ಲಿ ವಿಚಿತ್ರ ನಡುಕ ಮೂಡುತ್ತದೆ. ಒಳಗಿರುವ ಎಲೆಕ್ಟ್ರಾನಿಕ್ ಚಿಪ್ ಆ ನಡುಕವನ್ನು ಗುರುತಿಸಿ ಕರೆಂಟು ಕಡಿದುಹಾಕುತ್ತದೆ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಅದರ 1999ರ ಆವೃತ್ತಿ, ಹೊಸ ಮನೆಗಳ ಮಲಗುವ ಕೋಣೆಯ ಪ್ಲಗ್‌ಗಳಿಗೆ 2002ರ ಜನವರಿಯಿಂದ ಈ ರಕ್ಷಣೆ ಇರಬೇಕೆಂದಿತು. ಮಲಗಿದವರಿಗೆ ಸದ್ದೂ ಕೇಳದು, ವಾಸನೆಯೂ ತಿಳಿಯದು ನೋಡಿ. 2008ರಲ್ಲಿ ನಿಯಮ ನಡುಮನೆಗೂ, 2014ರಲ್ಲಿ ಅಡುಗೆಮನೆಗೂ ಬಂತು.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಿಲ್ಲೆ ನಮ್ಮದು. ಆದರೂ ನಮ್ಮ ಹಳ್ಳಿಮನೆಗಳಲ್ಲಿ ಮೂರನೆಯ ಕಾವಲುಗಾರ ಇನ್ನೂ ಅಪರೂಪ. ಹೊಸ ಮನೆ ಕಟ್ಟಿಸುವವರು ವೈರಿಂಗ್‌ಗೆ ಮುಂಚೆಯೇ ಇವನ ಬಗ್ಗೆ ವಿಚಾರಿಸಿ. ಆರ್‌ಸಿಸಿಬಿಯನ್ನಂತೂ ಬಿಡಲೇಬೇಡಿ.

ಹಳೆಯ ಮನೆಯವರಿಗೆ ಕಣ್ಣು, ಕಿವಿ, ಮೂಗುಗಳೇ ಕಾವಲು. ಪ್ಲಗ್ ಬಿಸಿಯಾಗುವುದು, ಕಂದು ಕಲೆ, ಸುಟ್ಟ ವಾಸನೆ, ಮಿಣುಕುವ ದೀಪ, ಇಲಿ ಕಡಿದ ವೈರು: ಇವೆಲ್ಲ ಮುನ್ಸೂಚನೆಗಳು. ಕಪ್ಪು ಟೇಪು ಸುತ್ತಿ ಮರೆಯಬೇಡಿ. ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆಸಿ. ಬೆಂಕಿಯೇ ಕಂಡರೆ ನೀರು ಎರಚಬೇಡಿ.

ಮಕ್ಕಳೇ, ನಿಮ್ಮ ಕಿವಿ ಚುರುಕು. ಬೋರ್ಡಿನಲ್ಲಿ ಚಿಟಿಚಿಟಿ ಕೇಳಿದರೆ ಮುಟ್ಟದೆ ದೊಡ್ಡವರಿಗೆ ಹೇಳಿ. ಅವರು ‘ಏನೂ ಆಗಲ್ಲ ಬಿಡು’ ಎಂದರೆ ಇನ್ನೊಮ್ಮೆ ಹೇಳಿ.